ಪೊರಕೆಗೆ ಯಾರೂ ವೆರಿಫಿಕೇಶನ್ ಕೇಳಲ್ಲ



ಉದ್ದದ ಪೋಸ್ಟು ಇದು. ಆದ್ರೂ ಪೂರ್ತಿ ಓದಿ ಅಂತ ಕೇಳ್ಕೋತೀನಿ. ಇದರಲ್ಲಿ ಕಾನೂನಿನ ತಪ್ಪಿದೆ, ವ್ಯವಸ್ಥೆಯ ತಪ್ಪಿದೆ, ಜೊತೆಗೆ ನನ್ನ ತಪ್ಪೂ ಇದೆ. ಅದನ್ನ ಮುಚ್ಚಿಟ್ಟು ಬರೀ ಭಾಷಣ ಬಿಗಿಯೋಕೆ ಮನಸ್ಸು ಒಪ್ತಿಲ್ಲ.

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದ. ಹೆಸರು ಹಾಕ್ಬೇಡಣ್ಣ ಅಂದಿದಾನೆ, ಹಾಕಲ್ಲ. 2018ರಿಂದ ಐದು ವರ್ಷ ಅದೇ ಗೇಟಲ್ಲಿ ನಿಂತಿದ್ದ. ನೀಲಿ ಅಂಗಿ, ಟೋಪಿ, ಕೊರಳಲ್ಲಿ ಐಡಿ ಕಾರ್ಡು. ಬಂದೋರ ಹೆಸರು, ಗಾಡಿ ನಂಬರು, ಯಾವ ಫ್ಲ್ಯಾಟು ಅಂತ ರಿಜಿಸ್ಟರಲ್ಲಿ ಬರ್ಕೊಂಡು ಒಳಗೆ ಬಿಡೋನು. ನಮ್ಮಜ್ಜ ಊರ ಯಜಮಾನರ ಜಗಲಿ ಹತ್ತಿದವನಲ್ಲ. ಅವನ ಮೊಮ್ಮಗ, ಯಾರು ಒಳಗೆ ಬರಬೇಕು, ಯಾರು ಹೊರಗೆ ನಿಲ್ಲಬೇಕು ಅಂತ ಹೇಳೋ ಜಾಗದಲ್ಲಿದ್ದ. ಚಿಕ್ಕವ್ವ ಅವನ ಯೂನಿಫಾರ್ಮಿನ ಫೋಟೋನ ಬಾಬಾಸಾಹೇಬರ ಫೋಟೋ ಪಕ್ಕದಲ್ಲೇ ತಗುಲಿಹಾಕಿದ್ರು.

2023ರಲ್ಲಿ ಅಪಾರ್ಟ್‌ಮೆಂಟಿನವರು ಏಜೆನ್ಸಿ ಬದಲಾಯಿಸಿದ್ರು. ಹಳೇ ಗಾರ್ಡುಗಳನ್ನೇ ಇಟ್ಕೋತೀವಿ, ಹೊಸದಾಗಿ ಪೊಲೀಸ್ ವೆರಿಫಿಕೇಶನ್ ಮಾಡಿಸಿ ಅಂದ್ರು. ಮಿಕ್ಕವರದ್ದೆಲ್ಲ ಬಂತು. ಇವನ ವರದಿಯಲ್ಲಿ ಮಾತ್ರ ಒಂದು ಸಾಲು: ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾಗಿದೆ. ಯಾವ ಪ್ರಕರಣ, ಎಂಥ ಶಿಕ್ಷೆ, ಎಷ್ಟು ವರ್ಷದ ಹಿಂದೆ, ಯಾವುದೂ ಇಲ್ಲ. ಐದು ವರ್ಷ ದಿನಾ ನಮಸ್ಕಾರ ಹೊಡೆಸ್ಕೊಂಡಿದ್ದ ಮ್ಯಾನೇಜರು "ನಾನೇನ್ ಮಾಡಕ್ಕಾಗುತ್ತಪ್ಪ, ಕಾನೂನೇ ಹಂಗಿದೆ" ಅಂದ. ಸಂಜೆಯೊಳಗೆ ಯೂನಿಫಾರ್ಮ್ ವಾಪಸ್ ಕೊಡಿಸ್ಕೊಂಡ್ರು.

ಎರಡು ತಿಂಗಳು ಕೆಲಸ ಇರಲಿಲ್ಲ. ಆಮೇಲೆ ಸಿಕ್ತು. ಎಲ್ಲಿ ಗೊತ್ತಾ? ಅದೇ ಅಪಾರ್ಟ್‌ಮೆಂಟಲ್ಲಿ, ಹೌಸ್‌ಕೀಪಿಂಗ್ ಕಂಟ್ರಾಕ್ಟರ್ ಕೈಕೆಳಗೆ. ಹಸಿಕಸ ಒಣಕಸ ಬೇರೆ ಮಾಡೋದು, ಕಟ್ಟಿಕೊಂಡ ಚರಂಡಿ ಬಿಡಿಸೋದು, ಎಸ್‌ಟಿಪಿ ಅಂತಾರಲ್ಲ ಕೊಳಚೆ ನೀರಿನ ಘಟಕ, ಅದರ ತೊಟ್ಟಿ ತೊಳೆಯೋದು. ಸೇರೋವಾಗ ಕೇಳಿದ್ದು ಆಧಾರ್ ಕಾರ್ಡಿನ ಜೆರಾಕ್ಸ್ ಒಂದೇ. "ಅಣ್ಣಾ, ಇಲ್ಲಿ ಯಾರೂ ವೆರಿಫಿಕೇಶನ್ ಕೇಳ್ಲಿಲ್ಲ ಕಣಣ್ಣ" ಅಂತ ಫೋನಲ್ಲಿ ನಕ್ಕ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಅವನು ದಿನಾ ಬೆಳಿಗ್ಗೆ ಅದೇ ಗೇಟಲ್ಲಿ, ಅದೇ ರಿಜಿಸ್ಟರಲ್ಲಿ ಸೈನ್ ಹಾಕಿ ಒಳಗೆ ಹೋಗ್ತಾನೆ.

ಅವನು ಮಾಡಿದ ಅಪರಾಧ ಏನು, ಹೇಳ್ತೀನಿ ಕೇಳಿ.

2017ರ ಏಪ್ರಿಲ್ 14. ನಮ್ಮೂರಲ್ಲಿ ಬಾಬಾಸಾಹೇಬರ ಜಯಂತಿ ಮೆರವಣಿಗೆ. ಕೇರಿಯಿಂದ ಹೊರಟು ಊರ ಒಳಗಿನ ಬೀದಿಲಿ ಹೋಗಿ ಬಸ್ ಸ್ಟ್ಯಾಂಡ್ ಹತ್ರ ಮುಗಿಸೋದು ಅಂತ ತೀರ್ಮಾನ. ಅನುಮತಿ ಇತ್ತು. ಮಾರಿಗುಡಿ ಹತ್ರ ಬರ್ತಿದ್ದ ಹಾಗೇ ತಮಟೆ ನಿಲ್ಲಿಸಿ ಅಂದ್ರು. ಅವರ ಮನೆ ಸಾವಿಗೆ, ಹಬ್ಬಕ್ಕೆ, ದೇವರ ಉತ್ಸವಕ್ಕೆ ನಮ್ಮ ತಮಟೆ ಬೇಕು. ನಮ್ಮ ಖುಷಿಗೆ ನಾವು ಬಾರಿಸಿದ್ರೆ ಊರಿಗೆ ಅಪಶಕುನ. ಮಾತಿಗೆ ಮಾತು ಬೆಳೀತು, ಫ್ಲೆಕ್ಸ್ ಹರಿದ್ರು, ಕಲ್ಲು ಬಿತ್ತು. ನಮ್ಮ ಒಬ್ಬ ಹುಡುಗನ ತಲೆ ಒಡೀತು. ತಳ್ಳಾಟ ಆಯ್ತು. ನಮ್ಮವರು ಕೈ ಎತ್ತಲೇ ಇಲ್ಲ ಅಂತ ನಾನು ಹೇಳಲ್ಲ. ತಲೆಯಿಂದ ರಕ್ತ ಸುರೀತಿರೋವಾಗ ಕೈ ಕಟ್ಕೊಂಡು ನಿಲ್ಲೋಕೆ ಯಾರಿಗೂ ಆಗಲ್ಲ.

ನಾವು ಅಟ್ರಾಸಿಟಿ ಕೇಸು ಹಾಕಿದ್ವಿ. ಮಾರನೇ ದಿನವೇ ನಮ್ಮ 11 ಜನರ ಮೇಲೆ ಕೌಂಟರ್ ಕೇಸು. ಅಕ್ರಮ ಕೂಟ, ಹಲ್ಲೆ, ಅವಾಚ್ಯ ನಿಂದನೆ, ಜೀವ ಬೆದರಿಕೆ. ಐಪಿಸಿ 143, 147, 323, 504, 506. ಹಳ್ಳಿಗಳಲ್ಲಿ ಹೋರಾಟ ಮಾಡಿದವರಿಗೆ ಈ ನಂಬರುಗಳು ಬಾಯಿಪಾಠ. ನಮ್ಮ ಕೇಸನ್ನ ರಾಜಿಗೆ ಎಳೆಯೋಕೆ ಒಂದು ಹಗ್ಗ ಬೇಕಲ್ಲ, ಕೌಂಟರ್ ಕೇಸು ಅಂದ್ರೆ ಆ ಹಗ್ಗ.

ನಮ್ಮ ಅಟ್ರಾಸಿಟಿ ಕೇಸು ಏನಾಯ್ತು? ಸಾಕ್ಷಿಗಳು ತಿರುಗಿಬಿದ್ರು. ಅವರನ್ನ ನಾನು ಬೈಯಲ್ಲ. ಅವರ ಹೊಲದ ಕೂಲಿ, ಹಾಲಿನ ಡೇರಿ, ಕೈಸಾಲ ಎಲ್ಲ ಆ ಬೀದಿಯವರ ಕೈಲೇ ಇತ್ತು. ಎಲ್ಲರೂ ಖುಲಾಸೆ. ಕೌಂಟರ್ ಕೇಸು ಮಾತ್ರ ನಡೀತಾನೇ ಇತ್ತು. ತಾಲ್ಲೂಕು ಕೋರ್ಟಿಗೆ ಎರಡು ವರ್ಷ ಅಲೆದ್ವಿ. ಒಂದು ವಾಯಿದೆ ಅಂದ್ರೆ 11 ಜನರ ಒಂದು ದಿನದ ಕೂಲಿ ಹೋಯ್ತು ಅಂತ. ಇವನು ಬೆಂಗಳೂರಿಂದ ರಜೆ ಹಾಕಿ ಬರಬೇಕು, ರಜೆ ಹಾಕಿದ್ರೆ ಸಂಬಳ ಕಟ್.

2019ರಲ್ಲಿ ಒಂದಿನ ನಮ್ಮ ಲಾಯರು "ತಪ್ಪೊಪ್ಪಿಕೊಂಡು ಫೈನ್ ಕಟ್ಟಿಬಿಡಿ, ಒಬ್ಬೊಬ್ಬರಿಗೆ ಸಾವಿರದ ಐನೂರು ಬೀಳುತ್ತೆ, ಇವತ್ತೇ ಮುಗಿದೋಗುತ್ತೆ" ಅಂದ್ರು. ಹುಡುಗ್ರು ನನ್ನ ಮುಖ ನೋಡಿದ್ರು. ಸಂಘಟನೆ ಮಾಡೋನು ನಾನೇ ತಾನೇ. ನಾನೇ ಹೇಳಿದ್ದು: "ಒಪ್ಕೊಂಡುಬಿಡ್ರೋ, ಎಷ್ಟು ದಿನ ಅಂತ ಅಲೀತೀರ." ನನ್ನ ಚಿಕ್ಕಪ್ಪನ ಮಗ "ಅಣ್ಣಾ, ನಾವು ತಪ್ಪೇ ಮಾಡಿಲ್ವಲ್ಲ" ಅಂದ. "ಇದು ಬರೀ ಕಾಗದ ಕಣೋ" ಅಂದೆ.

ನಾಲ್ಕು ವರ್ಷ ಆದ್ಮೇಲೆ ಆ ಕಾಗದವೇ ಅವನ ಯೂನಿಫಾರ್ಮ್ ಬಿಚ್ಚಿಸ್ತು. ಆ ತಪ್ಪು ನಂದು.

"ಕಾನೂನೇ ಹಂಗಿದೆ" ಅಂದ್ರಲ್ಲ, ಆ ಕಾನೂನು ಯಾವುದು ಅಂತ ತೆಗೆದು ಓದಿದೆ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ, 2005. ಅದರ 10ನೇ ಕಲಂ ಪ್ರಕಾರ ಕೋರ್ಟಿನಲ್ಲಿ ಶಿಕ್ಷೆಯಾದವನನ್ನ ಗಾರ್ಡ್ ಆಗಿ ಇಟ್ಕೊಳ್ಳೋ ಹಾಗಿಲ್ಲ. ಯಾವ ಅಪರಾಧ ಅಂತ ಪಟ್ಟಿ ಇಲ್ಲ. ಎಷ್ಟು ಶಿಕ್ಷೆ ಅಂತ ಅಳತೆ ಇಲ್ಲ. ಎಷ್ಟು ವರ್ಷ ಅಂತ ಕೊನೆ ಇಲ್ಲ. ಕೊಲೆ ಮಾಡಿ ಜೈಲಿಗೆ ಹೋದವನೂ ಒಂದೇ, ಜಯಂತಿ ಗಲಾಟೆಲಿ ಸಾವಿರದ ಐನೂರು ದಂಡ ಕಟ್ಟಿದವನೂ ಒಂದೇ.

ಅದೇ ಕಾಯ್ದೆಯ 6ನೇ ಕಲಂ ನೋಡಿ. ಅದು ಏಜೆನ್ಸಿ ಲೈಸೆನ್ಸ್ ತಗೊಳ್ಳೋ ಮಾಲೀಕನ ಬಗ್ಗೆ. ಅಲ್ಲಿ ಕಾನೂನಿಗೆ ಇದ್ದಕ್ಕಿದ್ದ ಹಾಗೆ ಲೆಕ್ಕ ಮಾಡೋಕೆ ಬರುತ್ತೆ. ಕಂಪನಿ ನಡೆಸೋದ್ರಲ್ಲಿ ಮಾಡಿದ ಮೋಸ, ಇಲ್ಲಾ ನಿಗದಿತ ಶಿಕ್ಷೆ ಎರಡು ವರ್ಷಕ್ಕೆ ಕಡಿಮೆ ಇಲ್ಲದ ಅಪರಾಧ, ಅಂಥದ್ದರಲ್ಲಿ ಶಿಕ್ಷೆಯಾಗಿದ್ರೆ ಮಾತ್ರ ಅಡ್ಡಿ. ಮಾಲೀಕನಿಗೆ ತಕ್ಕಡಿ ಇದೆ. ಅವನ ಕೈಕೆಳಗೆ 12 ಗಂಟೆ ನಿಲ್ಲೋ ಗಾರ್ಡಿಗೆ ತಕ್ಕಡಿ ಇಲ್ಲ.

ಇನ್ನೂ ಮೇಲಕ್ಕೆ ಹೋಗೋಣ. ವಕೀಲರ ಕಾಯ್ದೆ 1961, ಕಲಂ 24ಎ. ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾದವರು ವಕೀಲರಾಗಿ ನೋಂದಾಯಿಸೋ ಹಾಗಿಲ್ಲ. ಸರಿ. ಆದ್ರೆ ಬಿಡುಗಡೆಯಾಗಿ ಎರಡು ವರ್ಷ ಕಳೆದ್ರೆ ಆ ಅನರ್ಹತೆ ಹೋಗುತ್ತೆ. ಅದೇ ಕಲಂನಲ್ಲಿ ಅಸ್ಪೃಶ್ಯತೆ ಆಚರಿಸಿ 1955ರ ಕಾಯ್ದೆಯಡಿ ಶಿಕ್ಷೆಯಾದವರ ಹೆಸರೂ ಇದೆ. ಅವರಿಗೂ ಎರಡೇ ವರ್ಷ. ಅಂದ್ರೆ ನಮ್ಮನ್ನ ಗುಡಿಯಿಂದ ಆಚೆ ತಳ್ಳಿ ಶಿಕ್ಷೆಯಾದವನು ಎರಡು ವರ್ಷ ಬಿಟ್ಟು ಕರಿಕೋಟು ಹಾಕ್ಕೋಬಹುದು. ಗುಡಿ ಮುಂದೆ ತಳ್ಳಿಸಿಕೊಂಡವನು ಸಾಯೋವರೆಗೆ ಗಾರ್ಡಿನ ಟೋಪಿ ಹಾಕೋ ಹಾಗಿಲ್ಲ.

ಶಾಸಕ, ಸಂಸದರ ಲೆಕ್ಕ ಗೊತ್ತೇ ಇದೆ. ಪ್ರಜಾಪ್ರತಿನಿಧಿ ಕಾಯ್ದೆ 1951, ಕಲಂ 8. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದ್ರೆ ಅನರ್ಹ, ಬಿಡುಗಡೆಯಾಗಿ ಆರು ವರ್ಷಕ್ಕೆ ಮತ್ತೆ ನಿಲ್ಲಬಹುದು. ಕೆಲವು ಅಪರಾಧಗಳಿಗೆ ಬೇರೆ ಪಟ್ಟಿ ಇದೆ, ನಮ್ಮ ಮೇಲೆ ಹಾಕಿದ ಕಲಂಗಳು ಆ ಪಟ್ಟಿಯಲ್ಲಿಲ್ಲ. ನಮಗೆ ಬಿದ್ದ ದಂಡವೇ ಒಬ್ಬ ಶಾಸಕನಿಗೆ ಬಿದ್ದಿದ್ರೆ ಅವನು ಒಂದು ದಿನಕ್ಕೂ ಅನರ್ಹ ಆಗ್ತಿರಲಿಲ್ಲ. ವಿಧಾನಸೌಧದ ಒಳಗೆ ಕೂತು ಕಾನೂನು ಮಾಡಬಹುದು, ವಿಧಾನಸೌಧದ ಗೇಟಲ್ಲಿ ಏಜೆನ್ಸಿ ಗಾರ್ಡ್ ಆಗಿ ನಿಲ್ಲೋ ಹಾಗಿಲ್ಲ! ಇದಕ್ಕೆ ಏನಂತ ಹೆಸರಿಡ್ತೀರಿ?

"ಕಾನೂನು ಎಲ್ಲರಿಗೂ ಒಂದೇ, ಇದರಲ್ಲಿ ಜಾತಿ ಎಲ್ಲಿಂದ ಬಂತು?" ಅಂತ ಕೇಳೋರು ಕೇಳ್ತಾರೆ. ಬನ್ನಿ, ಅದನ್ನೂ ನೋಡೋಣ.

2011ರ ಜನಗಣತಿ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರು 16.6 ಶೇಕಡ. ಸರ್ಕಾರದ್ದೇ ಜೈಲು ಅಂಕಿಅಂಶದಲ್ಲಿ ಶಿಕ್ಷೆಗೊಳಗಾದ ಕೈದಿಗಳ ಪೈಕಿ ಸುಮಾರು ಐವರಲ್ಲಿ ಒಬ್ಬರು ನಮ್ಮವರು. ಇದು ಜೈಲಿಗೆ ಹೋದವರ ಲೆಕ್ಕ ಮಾತ್ರ. ನಮ್ಮ ಹುಡುಗರ ಥರ ವಾಯಿದೆಗೆ ಅಲೆದು ಸಾಕಾಗಿ ದಂಡ ಕಟ್ಟಿ ಬಂದವರು ಈ ಲೆಕ್ಕಕ್ಕೆ ಬರೋದೇ ಇಲ್ಲ. ಅದೇ ಕಲಂಗಳಲ್ಲಿ ಸಿಕ್ಕಿಬಿದ್ದ ಉಳ್ಳವರ ಮಗನಿಗೆ ಒಳ್ಳೇ ವಕೀಲ ಸಿಗ್ತಾನೆ, ಹೈಕೋರ್ಟಲ್ಲಿ ಕೇಸೇ ರದ್ದಾಗುತ್ತೆ. ಆಗದಿದ್ರೂ ಅವನಿಗೆ ಅಪ್ಪನ ತೋಟ ಇದೆ, ಅಂಗಡಿ ಇದೆ. ತೋಟದ ಗೇಟಲ್ಲಿ ಯಾರು ವೆರಿಫಿಕೇಶನ್ ಕೇಳ್ತಾರೆ? ಪೊಲೀಸ್ ವೆರಿಫಿಕೇಶನ್ ಬೇಕಾಗೋದು ಜಮೀನಿಲ್ಲದೆ ಊರು ಬಿಟ್ಟು ಬಂದು ಗಾರ್ಡು, ಡ್ರೈವರು, ಡೆಲಿವರಿ ಅಂತ ಬದುಕು ಕಟ್ಕೊಳ್ಳೋರಿಗೆ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಶಿಕ್ಷೆಯಾದ ದಲಿತನಿಗೆ ಈ ವ್ಯವಸ್ಥೆ ಎಲ್ಲ ಬಾಗಿಲೂ ಮುಚ್ಚಲ್ಲ. ಒಂದು ಬಾಗಿಲನ್ನ ಅಗಲವಾಗಿ ತೆಗೆದಿಟ್ಟಿರುತ್ತೆ. ರಕ್ಷಣಾ ಸಾಧನ ಇಲ್ಲದೆ ಒಳಚರಂಡಿಗೆ, ಮಲಗುಂಡಿಗೆ ಮನುಷ್ಯರನ್ನ ಇಳಿಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಕಾನೂನು ಬೇಡ ಅಂದ ಆ ಕೆಲಸಕ್ಕೆ ಇಳಿಸೋವಾಗ ಯಾರೂ ನಡತೆ ಪ್ರಮಾಣಪತ್ರ ಕೇಳಲ್ಲ. ಕಾನೂನು ಸರಿ ಅಂದ ಕೆಲಸಕ್ಕೆ ಕೇಳ್ತಾರೆ. ಗಾರ್ಡಿನ ಟೋಪಿ ಕಿತ್ಕೊಂಡ ಅದೇ ಕಾಂಪೌಂಡು, ಅದೇ ಮನುಷ್ಯನ ಕೈಗೆ ಪೊರಕೆ ಕೊಡುತ್ತೆ. ಅವನು ಅಪಾಯಕಾರಿ ಅನ್ನೋದು ನಿಜವೇ ಆಗಿದ್ರೆ ಕಾಂಪೌಂಡಿನ ಒಳಗೆ ಬಿಟ್ಕೊಂಡಿದ್ದು ಯಾಕೆ? ಪೊರಕೆ ಹಿಡಿದು ದಿನಾ ಎಲ್ಲ ಮಹಡಿಗೂ ಹೋಗ್ತಾನಲ್ಲ, ಆಗ ಹೆದರಿಕೆ ಆಗಲ್ವಾ? ಅವರಿಗೆ ಹೆದರಿಕೆ ಏನೂ ಇಲ್ಲ. ಅಧಿಕಾರ ತೋರಿಸೋ ಜಾಗದಲ್ಲಿ ಅವನು ನಿಲ್ಲಬಾರದು, ಅಷ್ಟೇ.

ಜೈಲಿನ ಒಳಗೂ ಇದೇ ಪಾಠ ನಡೀತಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್ 3ರಂದು ತೀರ್ಪು ಕೊಡ್ತು. ಜಾತಿ ನೋಡಿ ಒಬ್ಬರಿಗೆ ಅಡುಗೆ, ಒಬ್ಬರಿಗೆ ಕಕ್ಕಸು ಗುಡಿಸೋ ಕೆಲಸ ಹಂಚ್ತಿದ್ದ ಜೈಲು ನಿಯಮಗಳು ಸಂವಿಧಾನಬಾಹಿರ ಅಂತ ಹೇಳ್ತು. ಸಂವಿಧಾನ ಬಂದು 74 ವರ್ಷ ಆದ್ಮೇಲೆ! ಜೈಲಿನ ಒಳಗಿನ ಪೊರಕೆಗೆ ತೀರ್ಪು ಬಂತು. ಜೈಲಿನ ಹೊರಗಿನ ಪೊರಕೆಗೆ ಯಾವಾಗ?

"ಹಾಗಾದ್ರೆ ಕಳ್ಳನನ್ನ ಕಾವಲಿಗೆ ಇಡ್ಬೇಕಾ?" ಇದಕ್ಕೂ ಉತ್ತರ ಕೊಡ್ತೀನಿ. ಮಕ್ಕಳ ಮೇಲೆ ದೌರ್ಜನ್ಯ ಮಾಡಿ ಶಿಕ್ಷೆಯಾದವನನ್ನ ಶಾಲೆ ಗೇಟಲ್ಲಿ ನಿಲ್ಲಿಸಿ ಅಂತ ನಾನು ಕೇಳ್ತಿಲ್ಲ. ಯಾವ ಅಪರಾಧಕ್ಕೆ ಯಾವ ಕೆಲಸ ಬೇಡ, ಎಷ್ಟು ವರ್ಷ ಬೇಡ ಅಂತ ಬರೀರಿ ಅಂತ ಕೇಳ್ತಿದೀನಿ. ವಕೀಲರಿಗೆ ಬರೆದಿದೀರಿ, ಶಾಸಕರಿಗೆ ಬರೆದಿದೀರಿ. ಗಾರ್ಡಿಗೆ ಬರೆಯೋಕೆ ಪೆನ್ನಲ್ಲಿ ಇಂಕು ಇಲ್ವಾ?

ನಮ್ಮೊಳಗಿನವರದ್ದೂ ಒಂದು ಪ್ರಶ್ನೆ ಇದೆ. "ಗಾರ್ಡಿನ ಕೆಲಸಕ್ಕೆ ಇಷ್ಟು ಹೋರಾಟ ಯಾಕೆ ಅಣ್ಣ, ಭೂಮಿ ಕೇಳೋಣ, ಒಳ್ಳೇ ಉದ್ಯೋಗ ಕೇಳೋಣ" ಅಂತ ಒಬ್ಬ ಸಂಗಾತಿ ಕೇಳಿದ. ಕೇಳೋಣ, ಬಿಡೋದು ಬೇಡ. ಆದ್ರೆ ನಮ್ಮ ಮೆರವಣಿಗೆಗೆ ತಮಟೆ ಹೊತ್ತವನು, ನಮ್ಮ ಮಾತು ಕೇಳಿ ಬೀದಿಗಿಳಿದವನು, ಆ ಕಾರಣಕ್ಕೇ ಅನ್ನ ಕಳ್ಕೊಂಡಾಗ ನಾವು ದೊಡ್ಡ ದೊಡ್ಡ ಬೇಡಿಕೆ ಪಟ್ಟಿ ಹಿಡ್ಕೊಂಡು ಕೂತ್ರೆ, ಮುಂದಿನ ಜಯಂತಿಗೆ ಯಾರು ಬರ್ತಾರೆ?

ಈಗ ಕೆಲಸಕ್ಕೆ ಬರೋ ಮಾತು. ನಾನು ತಡವಾಗಿ ಕಲಿತದ್ದು, ನೀವು ಮೊದಲೇ ತಿಳ್ಕೊಳ್ಳಿ. ಸೇವ್ ಮಾಡಿಟ್ಕೊಳ್ಳಿ.

1. ಕೌಂಟರ್ ಕೇಸಲ್ಲಿ "ಫೈನ್ ಕಟ್ಟಿ ಮುಗಿಸಿ" ಅಂತ ಯಾರೇ ಹೇಳಲಿ, ನಿಮ್ಮ ಸ್ವಂತ ಲಾಯರೇ ಹೇಳಲಿ, ಒಪ್ಕೋಬೇಡಿ. ದಂಡ ಕಟ್ಟಿದ್ರೂ ಅದು ಶಿಕ್ಷೆಯೇ, ಅಪರಾಧಿ ಅಂತಲೇ ದಾಖಲೆ ಆಗುತ್ತೆ.

2. ಶಿಕ್ಷೆ ಆಗೋದೇ ಖಾತ್ರಿ ಅನ್ನೋ ಪರಿಸ್ಥಿತಿ ಬಂದ್ರೆ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958 ಅನ್ನೋ ಹೆಸರು ನೆನಪಿಡಿ. ಕೋರ್ಟಲ್ಲಿ ಪ್ರೊಬೇಷನ್ ಆಕ್ಟ್ ಅಂತಾರೆ. ಹಿಂದೆ ಶಿಕ್ಷೆಯಾಗದವನು, ಎರಡು ವರ್ಷಕ್ಕೆ ಮೀರದ ಶಿಕ್ಷೆಯ ಅಪರಾಧ ಆಗಿದ್ರೆ, ಕಲಂ 3ರಡಿ ಬುದ್ಧಿ ಹೇಳಿ ಬಿಡಬಹುದು. ಅದಕ್ಕಿಂತ ದೊಡ್ಡದಾದ್ರೆ, ಮರಣದಂಡನೆ, ಜೀವಾವಧಿಯಂಥ ಅಪರಾಧ ಬಿಟ್ಟು, ಕಲಂ 4ರಡಿ ಒಳ್ಳೇ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಹಾಗೆ ಬಿಟ್ಟವರಿಗೆ ಬೇರೆ ಯಾವುದೇ ಕಾನೂನಿನಡಿ ಶಿಕ್ಷೆಯಿಂದ ಅಂಟಿಕೊಳ್ಳೋ ಅನರ್ಹತೆ ತಗಲಲ್ಲ ಅಂತ ಕಲಂ 12 ಹೇಳುತ್ತೆ. ನಮ್ಮ 11 ಜನರ ಮೇಲಿದ್ದ ಎಲ್ಲ ಕಲಂಗಳೂ ಈ ಕಾಯ್ದೆಯೊಳಗೆ ಬರ್ತಿದ್ವು. ಅವತ್ತು ಆ ಕೋರ್ಟ್ ಹಾಲಲ್ಲಿ ಒಬ್ಬರೂ ಈ ಹೆಸರು ಎತ್ತಲಿಲ್ಲ. ನನಗೂ ಗೊತ್ತಿರಲಿಲ್ಲ. ಒಂದು ಎಚ್ಚರ: ಕಲಂ 12 ಅಪರಾಧದ ತೀರ್ಮಾನವನ್ನೇ ಅಳಿಸಲ್ಲ, ಅನರ್ಹತೆಯನ್ನ ಮಾತ್ರ ತೆಗೆಯುತ್ತೆ. ಸರ್ಕಾರಿ ನೌಕರಿಯಲ್ಲಿ ಇಲಾಖೆ ಬೇರೆ ಕ್ರಮ ತಗೋಬಹುದು.

3. ಈಗಾಗಲೇ ದಂಡ ಕಟ್ಟಿದವರು ಕೈ ಚೆಲ್ಲಬೇಡಿ. ಮೇಲ್ಮನವಿ ಅಥವಾ ರಿವಿಷನ್‌ನಲ್ಲಿ ಮೇಲಿನ ಕೋರ್ಟು ಕೂಡ ಈ ಆದೇಶ ಮಾಡಬಹುದು ಅಂತ ಅದೇ ಕಾಯ್ದೆಯ ಕಲಂ 11ರಲ್ಲಿದೆ. ತಡವಾಗಿದೆ ನಿಜ, ವಿಳಂಬ ಮನ್ನಿಸಿ ಅಂತ ಅರ್ಜಿ ಜೊತೆಗೆ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗಬೇಕು, ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987, ಕಲಂ 12. ಇದು ಯಾರ ದಯೆಯೂ ಅಲ್ಲ, ನಿಮ್ಮ ಹಕ್ಕು.

4. ಕೆಲಸ ನಿರಾಕರಿಸಿದ್ರೆ ಬರವಣಿಗೆಯಲ್ಲಿ ಕೇಳಿ. ತೀರ್ಪಿನ ದೃಢೀಕೃತ ಪ್ರತಿ ಇಟ್ಕೊಳ್ಳಿ. ವೆರಿಫಿಕೇಶನ್ ವರದಿಯಲ್ಲಿ ಏನು ಬರೆದಿದಾರೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ.

5. ಡ್ರೈವರ್ ಅಣ್ಣತಮ್ಮಂದಿರೇ, ನಿಮ್ಮ ಕಾನೂನು ಗಾರ್ಡಿನ ಕಾನೂನಿಗಿಂತ ವಾಸಿ. ಮೋಟಾರು ವಾಹನ ಕಾಯ್ದೆ 1988ರ ಕಲಂ 19ರಲ್ಲಿ ಲೈಸೆನ್ಸ್ ಕಿತ್ಕೊಳ್ಳೋಕೆ ಕಾರಣಗಳ ಪಟ್ಟಿ ಇದೆ. ರೂಢಿಗತ ಅಪರಾಧಿ ಆಗಿರಬೇಕು, ವಾಹನವನ್ನೇ ಅಪರಾಧಕ್ಕೆ ಬಳಸಿರಬೇಕು, ಹೀಗೆ. ಜಯಂತಿ ಗಲಾಟೆಯ ಒಂದು ಹಳೇ ಕೇಸು ಇದ್ದ ಮಾತ್ರಕ್ಕೆ ಯಾರೂ ರೂಢಿಗತ ಅಪರಾಧಿ ಆಗಲ್ಲ. ಆದೇಶಕ್ಕೆ ಮೊದಲು ನಿಮ್ಮ ಮಾತು ಕೇಳಬೇಕು, ಕಾರಣ ಬರೆಯಬೇಕು. 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕೌಂಟರಿನಲ್ಲಿ "ಆಗಲ್ಲ ಹೋಗ್ರಿ" ಅಂದ್ರೆ ವಾಪಸ್ ಬರಬೇಡಿ, ಆದೇಶ ಬರೆದು ಕೊಡಿ ಅನ್ನಿ.

6. ಕೌಂಟರ್ ಕೇಸು ಸುಳ್ಳು ಅನ್ನೋಕೆ ಆಧಾರ ಇದ್ರೆ ಸುಮ್ಮನಿರಬೇಡಿ. ದಲಿತರ ಮೇಲೆ ಸುಳ್ಳು, ದುರುದ್ದೇಶದ ಕೇಸು ಹಾಕೋದೇ ಅಟ್ರಾಸಿಟಿ ಕಾಯ್ದೆಯ ಕಲಂ 3(1)(ಪಿ) ಪ್ರಕಾರ ಅಪರಾಧ.

ಸರ್ಕಾರಕ್ಕೆ, ನಮ್ಮ ಓಟು ತಗೊಂಡು ಗೆದ್ದವರಿಗೆ ನಮ್ಮ ಬೇಡಿಕೆ ಮೂರೇ.

ಒಂದು, 2005ರ ಕಾಯ್ದೆಯ 10ನೇ ಕಲಂಗೆ ತಿದ್ದುಪಡಿ ತನ್ನಿ. ಯಾವ ಅಪರಾಧ, ಎಷ್ಟು ವರ್ಷ ಅಂತ ಬರೀರಿ. ಅದು ಕೇಂದ್ರದ ಕಾನೂನು ಅಂತ ರಾಜ್ಯದವರು ಕೈ ತೊಳ್ಕೋಬೇಡಿ, ಶಿಫಾರಸು ಮಾಡೋಕೆ ನಿಮ್ಮನ್ನ ಯಾರೂ ತಡೆದಿಲ್ಲ.

ಎರಡು, ವೆರಿಫಿಕೇಶನ್ ವರದಿಯಲ್ಲಿ "ಶಿಕ್ಷೆಯಾಗಿದೆ" ಅಂತ ಒಂದು ಸಾಲು ಗೀಚಿ ಕಳಿಸೋದು ನಿಲ್ಲಬೇಕು. ಕಲಂ, ಶಿಕ್ಷೆ, ದಿನಾಂಕ, ಅದು ಅಟ್ರಾಸಿಟಿ ಕೇಸಿನ ಕೌಂಟರ್ ಕೇಸು ಹೌದೋ ಅಲ್ಲವೋ, ಎಲ್ಲ ಬರೀಬೇಕು. ಇದಕ್ಕೆ ತಿದ್ದುಪಡಿ ಬೇಡ, ಒಂದು ಸುತ್ತೋಲೆ ಸಾಕು. ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನ ಅಭ್ಯರ್ಥಿ ಮುಚ್ಚಿಟ್ಟಿದ್ದರೂ ನೌಕರಿ ಕೊಡುವವರು ಅದನ್ನ ಮನ್ನಿಸಬಹುದು ಅಂತ ಸುಪ್ರೀಂ ಕೋರ್ಟೇ 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಒಂದೇ ಸಾಲಿನ ವರದಿ ನೋಡಿದವನಿಗೆ ಅದು ಘೋಷಣೆಯೋ ಕೊಲೆಯೋ ಅಂತ ಹೇಗೆ ಗೊತ್ತಾಗಬೇಕು?

ಮೂರು, ಅಟ್ರಾಸಿಟಿ ಕೇಸುಗಳಿಗೆ ಎದುರಾಗಿ ಹಾಕಿರೋ, ಇನ್ನೂ ನಡೀತಿರೋ ಕೌಂಟರ್ ಕೇಸುಗಳನ್ನ ಜಿಲ್ಲಾವಾರು ಪರಿಶೀಲಿಸಿ. ಬೇರೆ ಬೇರೆ ಹೋರಾಟಗಳ ಕೇಸು ವಾಪಸ್ ತಗೊಳ್ಳೋಕೆ ಸಂಪುಟದಲ್ಲಿ ತೀರ್ಮಾನ ಆಗಿದ್ದನ್ನ ನಾವೂ ನೋಡಿದೀವಿ. ಬಾಬಾಸಾಹೇಬರ ಮೆರವಣಿಗೆ ಮಾಡಿದವರ ಫೈಲು ಮಾತ್ರ ಯಾಕೆ ಮೇಲೆ ಬರಲ್ಲ?

ಕಳೆದ ತಿಂಗಳು ನಾವು 11 ಜನವೂ ಸೆಷನ್ಸ್ ಕೋರ್ಟಿಗೆ ಅರ್ಜಿ ಹಾಕಿದೀವಿ. ಆರು ವರ್ಷದ ವಿಳಂಬ, ಮನ್ನಿಸ್ತಾರೋ ಇಲ್ವೋ ಗೊತ್ತಿಲ್ಲ. ಅರ್ಜಿಗೆ ಸೈನ್ ಹಾಕೋವಾಗ ಅವನು ಕೇಳಿದ: "ಅಣ್ಣಾ, ಇದೂ ಬರೀ ಕಾಗದಾನಾ?" ಉತ್ತರ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಚಿಕ್ಕವ್ವನ ಮನೆ ಗೋಡೆ ಮೇಲೆ ಆ ಯೂನಿಫಾರ್ಮಿನ ಫೋಟೋ ಈಗಲೂ ಇದೆ. ಕೆಲಸ ಹೋಗಿರೋದು ಅವರಿಗೆ ಗೊತ್ತಿಲ್ಲ. ಎಸ್‌ಟಿಪಿ ವಿಷಯ ಅಂತೂ ಗೊತ್ತೇ ಇಲ್ಲ. ಅದು ಅವರಿಗೆ ಗೊತ್ತಾಗೋ ಮೊದಲು ಅವನ ಟೋಪಿ ಅವನಿಗೆ ವಾಪಸ್ ಬರಬೇಕು.

ನಿಮ್ಮೂರಲ್ಲಿ, ನಿಮ್ಮ ಕೇರಿಲಿ ಕೌಂಟರ್ ಕೇಸಲ್ಲಿ ದಂಡ ಕಟ್ಟಿ ಕೆಲಸ ಕಳ್ಕೊಂಡವರು ಇದ್ರೆ ನನಗೆ ತಿಳಿಸಿ. ಹೆಸರು ಗುಟ್ಟಾಗಿರುತ್ತೆ. ಜಿಲ್ಲಾವಾರು ಪಟ್ಟಿ ಮಾಡ್ತಿದೀವಿ, ಪಟ್ಟಿ ಹಿಡ್ಕೊಂಡೇ ಹೋಗಿ ಕೇಳೋಣ. ಯಾವ ಹುಡುಗನಿಗೂ ಇನ್ಮೇಲೆ "ಇದು ಬರೀ ಕಾಗದ ಕಣೋ" ಅಂತ ನಮ್ಮ ಬಾಯಲ್ಲಿ ಬರಬಾರದು.

ಜೈ ಭೀಮ್.